ಸಿಂಬಿ ಕೂಡುವ ಜಾಗ

ಆ ಮಂಗಳವಾರ ಬೆಳಿಗ್ಗೆ ಪ್ರಜ್ಞಾ ನಿಶ್ಚಿಂತೆಯಿಂದ ಚಹಾ ಕುಡಿಯುತ್ತ ಕೂತಿದ್ದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಹನ್ನೊಂದು ಗಂಟೆಯ ನಂತರ ಅವಳಿಗೆ ಚಹಾ ಸೇರಲಿಲ್ಲ, ಕೂತಲ್ಲಿ ಕೂಡ್ರಲೂ ಆಗಲಿಲ್ಲ.

ಅವಳ ಮುಂದಿನ ಟೇಬಲ್ಲಿನ ಮೇಲೆ ಒಂದು ತಲೆಬುರುಡೆ ಇತ್ತು. ಹೆದರುವಂಥದ್ದೇನಲ್ಲ, ಸ್ಕ್ಯಾನ್ ನೋಡಿ ಕಂಪ್ಯೂಟರಿನಲ್ಲಿ ಬರೆದು ಬಿಳಿ ಪ್ಲಾಸ್ಟಿಕ್ಕಿನಲ್ಲಿ ಪದರು ಪದರಾಗಿ ತೆಗೆದ ಮಾದರಿ. ಹೊರ್ತಿಯ ದುರ್ಗವ್ವ ಎಂಬ ಹೆಂಗಸಿನ ತಲೆಯ ತದ್ರೂಪ. ಎಡಗಡೆ, ಹಣೆಯ ಮೇಲಿನಿಂದ ನೆತ್ತಿಯ ಹತ್ತಿರದವರೆಗೆ ಅಂಗೈಯಗಲದ ತೂತು. ಎಂಟು ತಿಂಗಳ ಹಿಂದೆ ದುರ್ಗವ್ವ ಟ್ರ್ಯಾಕ್ಟರಿನ ಟ್ರೇಲಿಯಿಂದ ಬಿದ್ದಾಗ ಮಿದುಳು ಬಾತುಕೊಂಡಿತ್ತು. ಜೀವ ಉಳಿಸಲು ಡಾಕ್ಟರರು ಅಷ್ಟು ಎಲುಬು ತೆಗೆದಿದ್ದರು. ತೆಗೆದಿಟ್ಟ ಎಲುಬಿಗೆ ಸೋಂಕು ತಗಲಿ ಅದು ಕೆಲಸಕ್ಕೆ ಬಾರದಾಯಿತು. ಆ ತೂತಿಗೆ ಸರಿಯಾಗಿ ಕೂಡುವ ಚಿಪ್ಪೊಂದನ್ನು ಪ್ರಜ್ಞಾ ಹದಿನೈದು ದಿನ ಕೂತು ರೂಪಿಸಿದ್ದಳು. ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ದಿಮ್ಮಿಯಿಂದ ಕೊರೆದು ತೆಗೆದ, ಹಾಲಿನ ಕೆನೆಯ ಬಣ್ಣದ ಚಿಪ್ಪು. ನಾಳೆ ಬೆಳಿಗ್ಗೆ ಎಂಟಕ್ಕೆ ವಿಜಯಪುರದ ಆಸ್ಪತ್ರೆಯಲ್ಲಿ ಅದನ್ನು ದುರ್ಗವ್ವನ ತಲೆಗೆ ಕೂಡಿಸುವುದಿತ್ತು.

ಇಂಥ ಕೆಲಸ ನಡೆಯುವ ಜಾಗವನ್ನು ಹೊರಗಿನವರು ನೋಡಿದರೆ ನಗುತ್ತಿದ್ದರು. ಇಂಡಿ ಪಟ್ಟಣದಲ್ಲಿ ಮೋದಿನಸಾಬರ ಲಿಂಬೆಹಣ್ಣಿನ ವಖಾರದ ಹಿಂದೆ ಎರಡು ಕೋಣೆ. ಒಂದರಲ್ಲಿ ಕೊರೆಯುವ ಮಷೀನು, ಇನ್ನೊಂದರಲ್ಲಿ ಪ್ರಜ್ಞಾ ಮತ್ತು ಅವಳ ಕಂಪ್ಯೂಟರು. ಮಾಲೀಕ ಅರುಣಕುಮಾರ. ಮಷೀನು ಓಡಿಸುವವನೂ ಅವನೇ, ಆಸ್ಪತ್ರೆಗಳಿಗೆ ಫೋನು ಹಚ್ಚುವವನೂ ಅವನೇ, ಹೆಚ್ಚಿನ ದಿನ ಕಸ ಗುಡಿಸುವವನೂ ಅವನೇ. ಚಿಪ್ಪು ರೂಪಿಸಿದ ಮೇಲೆ ಪ್ರಜ್ಞಾಳಿಗೆ ಉಳಿಯುವುದು ಒಂದೇ ಕೆಲಸ. ಚಿಪ್ಪು ಒಡೆಯುತ್ತದೋ ಇಲ್ಲವೋ ಎಂಬುದನ್ನು ಒಡೆಯದೆಯೇ ಹೇಳಬೇಕು. ಕಂಪ್ಯೂಟರಿನೊಳಗೆ ಚಿಪ್ಪನ್ನು ಲಕ್ಷಾಂತರ ಚೂರಾಗಿ ಲೆಕ್ಕ ಹಿಡಿದು, ಸ್ಕ್ರೂ ಬಿಗಿದು, ಮೇಲೆ ಭಾರ ಹೇರಿ ನೋಡುವುದು. ಸಿಮ್ಯುಲೇಶನ್ ಅಂದರೆ ಇಷ್ಟೇ. ಒತ್ತಡ ಕಡಿಮೆ ಇದ್ದಲ್ಲಿ ನೀಲಿ, ಏರಿದಂತೆ ಹಸಿರು, ಹಳದಿ, ಒಡೆಯುವ ಜಾಗದಲ್ಲಿ ಕೆಂಪು. ದುರ್ಗವ್ವನ ಚಿಪ್ಪು ಈ ಅಂಚಿನಿಂದ ಆ ಅಂಚಿಗೆ ನೀಲಿಯಾಗಿತ್ತು. ‘ಸುರಕ್ಷಿತ’ ಎಂದು ಬರೆದು, ಸಹಿ ಹಾಕಿ, ಸರ್ಜನ್ ಬಸವಂತರಾಯರಿಗೆ ವರದಿ ಕಳಿಸಿ ನಾಲ್ಕು ದಿನವಾಗಿತ್ತು.

ಹನ್ನೊಂದಕ್ಕೆ ಬಾಗಿಲಲ್ಲಿ ದುರ್ಗವ್ವ ನಿಂತಿದ್ದಳು. ನಲವತ್ತರ ಆಸುಪಾಸಿನ ಹೆಂಗಸು. ಸೆರಗನ್ನು ಕಿವಿ ಮುಚ್ಚುವಂತೆ ಬಿಗಿಯಾಗಿ ಹೊದ್ದುಕೊಂಡು, ಎಡಗೈಯನ್ನು ತಲೆಗೆ ತಾಗಿಸದೆ ಒಂದು ಗೇಣು ದೂರ ಅಡ್ಡ ಹಿಡಿದಿದ್ದಳು. ಹಿಂದೆ ಗಂಡ ಗುರಲಿಂಗಪ್ಪ, ಕೈಯಲ್ಲೊಂದು ಅರಿವೆಯ ಚೀಲ. ಆಸ್ಪತ್ರೆಗೆ ಸೇರಲು ಹೊರಟವರು ದಾರಿ ಬಳಸಿ ಇಲ್ಲಿಗೆ ಬಂದಿದ್ದರು.

“ನನ್ನ ತಲಿ ನೋಡಾಕ ಬಂದೇನ್ರಿ ಅಕ್ಕಾರ,” ಎಂದಳು ದುರ್ಗವ್ವ. “ಇಲ್ಲೇ ಮಾಡ್ಯಾರಂತ ಕೇಳೀನಿ. ತಲಿಯೊಳಗ ಹಾಕ್ಕೊಂಡಮ್ಯಾಗ ನೋಡಾಕ ಸಿಗಂಗಿಲ್ಲಲ್ರಿ.”

ಪ್ರಜ್ಞಾಳಿಗೆ ನಗು ಬಂತು. ಕುರ್ಚಿ ಎಳೆದು ಕೂಡಿಸಿ, ಬುರುಡೆಯನ್ನು ಅವಳ ಮಡಿಲಿಗೆ ಕೊಟ್ಟಳು. ಗುರಲಿಂಗಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತ. ದುರ್ಗವ್ವ ಮಾತ್ರ ಸಂತೆಯಲ್ಲಿ ಗಡಿಗೆ ಆರಿಸುವವಳ ಹಾಗೆ ಅದನ್ನು ಸುತ್ತಲೂ ತಿರುಗಿಸಿ ನೋಡಿದಳು. ಪ್ರಜ್ಞಾ ಚಿಪ್ಪನ್ನು ತೂತಿಗೆ ಕೂಡಿಸಿ ತೋರಿಸಿದಳು. ಟಕ್ ಎಂದು ಕೂತಿತು.

“ಭಾರ ತಡೀತೈತೇನ್ರಿ?”

“ತಡೀತೈತ್ರಿ. ಕಂಪ್ಯೂಟರಿನ್ಯಾಗ ಭಾರ ಹಾಕಿ ನೋಡೇವಿ.”

“ಹಂಗಾದ್ರ ಒಂದ ಸಲ ಇಟ್ಟ ನೋಡೂನ್ರಿ,” ಎನ್ನುತ್ತ ದುರ್ಗವ್ವ ಗಂಡನ ಕೈಯ ಚೀಲಕ್ಕೆ ಕೈ ಹಾಕಿ ಒಂದು ಸಿಂಬಿ ತೆಗೆದಳು. ಹಳೆಯ ಹಸಿರು ಸೀರೆಯ ತುಂಡನ್ನು ಹುರಿಮಾಡಿ ಬಳೆಯ ಹಾಗೆ ಸುತ್ತಿದ್ದು. ತಲೆಯ ಮೇಲೆ ಭಾರ ಹೊರುವವರು ಅಡಿಗೆ ಇಟ್ಟುಕೊಳ್ಳುವಂಥದ್ದು. ತಿಕ್ಕಿ ತಿಕ್ಕಿ ಅದರ ಹಸಿರು ಹೋಗಿ ಬೂದಿಬಣ್ಣಕ್ಕೆ ತಿರುಗಿತ್ತು. “ನಮ್ಮವ್ವನ ಸೀರಿದ್ರಿ. ಎಂಟ ತಿಂಗಳಾತು, ಮುಟ್ಟಿಲ್ಲ. ದವಾಖಾನ್ಯಾಗ ದಿಂಬಿನ ಬುಡಕ ಇರಲಿ ಅಂತ ತಂದೇನಿ.”

ಅದನ್ನು ಬುರುಡೆಯ ನೆತ್ತಿಗಿಟ್ಟು, ಎರಡು ಬೆರಳಿನಿಂದ ತುಸು ಎಡಕ್ಕೆ ಸರಿಸಿ, ಕೈ ತೆಗೆದಳು. ನೋಡಿ ಇಟ್ಟದ್ದಲ್ಲ. ಇಪ್ಪತ್ತೈದು ವರ್ಷ ಇಟ್ಟು ಇಟ್ಟು ಬೆರಳಿಗೆ ಗೊತ್ತಾಗಿದ್ದ ಜಾಗ ಅದು.

ಸಿಂಬಿಯ ಅರ್ಧ ಎಲುಬಿನ ಮೇಲೆ ಕೂತಿತು, ಅರ್ಧ ಚಿಪ್ಪಿನ ಮೇಲೆ. ಅದರ ಒಂದು ಬದಿ ನೇರ, ಚಿಪ್ಪನ್ನು ಎಲುಬಿಗೆ ಬಿಗಿಯುವ ಮೂರನೆಯ ಸ್ಕ್ರೂ ತೂತನ್ನು ಮುಚ್ಚಿತ್ತು. ತಲೆಯ ಮೇಲೆ ಉಬ್ಬು ಕಾಣಬಾರದೆಂದು ಪ್ರಜ್ಞಾ ಚಿಪ್ಪನ್ನು ಎಲ್ಲಕ್ಕಿಂತ ತೆಳ್ಳಗೆ ಮಾಡಿದ್ದು ಅದೇ ಜಾಗದಲ್ಲಿ.

ಪ್ರಜ್ಞಾ ಬಾಗಿ, ಸಿಂಬಿಯ ಅಂಚು ತುಸು ಎತ್ತಿ ಕೆಳಗಿನ ತೂತು ನೋಡಿದಳು.

“ಡಾಕ್ಟರ್ ಹೊರಬ್ಯಾಡ ಅಂದಾರಲ್ಲ,” ಎಂದ ಗುರಲಿಂಗಪ್ಪ ಗೋಡೆಗೆ.

“ಆತ್ರಿ ಅಂದೇನಲ್ಲ,” ಎಂದಳು ದುರ್ಗವ್ವ.

ಆ ‘ಆತ್ರಿ’ ಪ್ರಜ್ಞಾಳಿಗೆ ಗೊತ್ತಿದ್ದದ್ದೇ. ಅವಳ ಹುಟ್ಟೂರು ತಾಂಬಾದಲ್ಲಿ ತಾಯಿ ಯಶೋಧಾಳಿಗೆ ಹೊಟ್ಟೆಯ ಆಪರೇಶನ್ ಆದಾಗ ಡಾಕ್ಟರರು ಆರು ತಿಂಗಳು ಭಾರ ಎತ್ತಕೂಡದು ಎಂದು ಕಾಗದದ ಮೇಲೆ ಬರೆದು ಕೆಳಗೆ ಗೆರೆ ಎಳೆದಿದ್ದರು. ಅವ್ವ ಕೈ ಮುಗಿದು ಆತ್ರಿ ಅಂದಳು. ಹನ್ನೆರಡನೆಯ ದಿನ ಪ್ರಜ್ಞಾ ಸಾಲೆಯಿಂದ ಬರುವಾಗ ಅವ್ವ ತಲೆಯ ಮೇಲೆ ಜೋಳದ ಕಣಿಕೆಯ ಹೊರೆ ಹೊತ್ತು ಎದುರಿಗೆ ಬರುತ್ತಿದ್ದಳು. ನಮ್ಮ ಕಡೆ ದೊಡ್ಡವರ ಮುಂದೆ ಇಲ್ಲ ಅನ್ನುವುದು ಮರ್ಯಾದೆಯಲ್ಲ. ಆತ್ರಿ ಅಂದರೆ ನಿಮ್ಮ ಮಾತು ಕಿವಿಗೆ ಬಿತ್ತು ಎಂದಷ್ಟೇ. ಇದು ಡಾಕ್ಟರರಿಗೂ ಗೊತ್ತು, ಕಾಗದಕ್ಕೂ ಗೊತ್ತು, ಆದರೂ ಎಲ್ಲರೂ ನಂಬಿದವರ ಹಾಗೆ ಇರುತ್ತಾರೆ.

ಪ್ರಜ್ಞಾ ತನ್ನನ್ನು ತಾನೇ ಬೈದುಕೊಂಡಳು. ಸಣ್ಣಂದಿನಲ್ಲಿ ಅವ್ವನ ತಲೆ ಬಾಚುವಾಗ ನೆತ್ತಿಯ ಮೇಲೆ ಕೂದಲು ಸವೆದು ನುಣ್ಣಗಾದ ದುಂಡು ಜಾಗವನ್ನು ಬೆರಳಿನಿಂದ ಸವರಿದವಳು ಅವಳೇ. ಈಗ ಮೂರು ವರ್ಷದಿಂದ ಇದೇ ಕಿಟಕಿಯಲ್ಲಿ ಕೂತು, ಲಿಂಬೆಬುಟ್ಟಿ ಹೊತ್ತು ಟೆಂಪೋಗೆ ಹೋಗುವ ಹೆಂಗಸರನ್ನು ದಿನಾ ಕಂಡವಳೂ ಅವಳೇ. ಅಷ್ಟಾಗಿಯೂ ದುರ್ಗವ್ವನ ಚಿಪ್ಪಿಗೆ ಯಾವ ಭಾರ ಹಾಕಬೇಕು ಎಂದು ನೋಡುವಾಗ ಕಿಟಕಿಯ ಕಡೆ ನೋಡಲಿಲ್ಲ. ಎಲ್ಲರೂ ಹಾಕುವಷ್ಟೇ, ಚಿಪ್ಪಿನ ನಟ್ಟನಡುವೆ, ಹತ್ತು ಕಿಲೋ ಹಾಕಿದಳು. ಬಸ್ಸಿನ ಕಿಟಕಿಗೆ ತಲೆ ತಾಗಿದರೆ, ಚೆಂಡು ಬಡಿದರೆ ಆಗುವಷ್ಟು. ಆ ಲೆಕ್ಕ ಬರೆದ ಊರುಗಳಲ್ಲಿ ಜನ ತಲೆಯ ಮೇಲೆ ಟೊಪ್ಪಿಗೆ ಬಿಟ್ಟು ಮತ್ತೇನನ್ನೂ ಇಡುವುದಿಲ್ಲ.

“ಒಂದ ಬುಟ್ಟಿ ಎಷ್ಟ ಭಾರ ಇರ್ತೈತ್ರಿ, ದುರ್ಗವ್ವಕ್ಕಾ?”

“ಯಾರ ತೂಗ್ಯಾರ್ರಿ? ಹೊತ್ತಷ್ಟು.”

“ದಿನಕ್ಕ ಎಷ್ಟ ಬುಟ್ಟಿ?”

“ಸುಗ್ಗಿಯಾಗ ನಲವತ್ತ ಆಗ್ತಾವು. ತ್ವಾಟದಿಂದ ರಸ್ತಾಕ.” ದುರ್ಗವ್ವ ಪ್ರಜ್ಞಾಳ ಮುಖ ನೋಡಿದಳು. “ಯಾಕ್ರಿ ಅಕ್ಕಾರ? ಏನರ ಆಗೇತೇನು?”

“ಒಂದ ಸ್ವಲ್ಪ ಹೊತ್ತ ಹೊರಗ ಬೇವಿನಗಿಡದ ಬುಡಕ ಕುಂದರ್ರಿ. ಒಂದ ಲೆಕ್ಕ ನೋಡೂದೈತಿ,” ಎಂದು ಪ್ರಜ್ಞಾ ಮಷೀನಿನ ಕೋಣೆಗೆ ನಡೆದಳು.

ಅರುಣಕುಮಾರ ಸ್ಟೀಲಿನ ಡಬ್ಬಿ ಒರೆಸುತ್ತಿದ್ದ. ಚಿಪ್ಪನ್ನು ಅದರಲ್ಲಿಟ್ಟು ಸಂಜೆ ಐದರೊಳಗೆ ಆಸ್ಪತ್ರೆಗೆ ಮುಟ್ಟಿಸಬೇಕಿತ್ತು. ಕ್ರಿಮಿ ಕೊಲ್ಲುವ ಯಂತ್ರಕ್ಕೆ ಹಾಕಲು ಅದೇ ಕೊನೆಯ ಹೊತ್ತು. ವಿಜಯಪುರಕ್ಕೆ ಒಂದೂ ಕಾಲು ತಾಸಿನ ದಾರಿ. ಮೂರೂವರೆಗೆ ಬಿಡುವುದೆಂದು ಅವನು ಕಾರಿಗೆ ಎಣ್ಣೆ ಸಹ ಹಾಕಿಸಿ ನಿಲ್ಲಿಸಿದ್ದ. ಪ್ರಜ್ಞಾ ಹೇಳಿದ್ದನ್ನೆಲ್ಲ ಕೇಳಿ ಮುಖ ಗಂಟು ಹಾಕಿಕೊಂಡ.

“ಡಿಸ್ಚಾರ್ಜ್ ಕಾಗದದಾಗ ಬರದಿರ್ತಾರ. ತಲಿ ಮ್ಯಾಗ ಭಾರ ಹೊರಬಾರದು ಅಂತ. ಅಲ್ಲಿಗೆ ನಮ್ಮ ಜವಾಬ್ದಾರಿ ಮುಗೀತು.”

“ಆಕಿ ಹೊರ್ತಾಳ್ರಿ ಸರ್.”

“ಹೊತ್ತರ ಆಕಿ ತಪ್ಪು.”

“ಆಕಿ ಹೊರ್ತಾಳ ಅಂತ ನನಗ ಗೊತ್ತಾಗೇತಲ್ರಿ. ಗೊತ್ತಾದಮ್ಯಾಗ ತಪ್ಪು ನಂದ ಆಗ್ತೈತಿ.”

ಅವನು ಗಡಿಯಾರ ನೋಡಿದ. “ನೋಡು. ಕೆಂಪ ಬಂದ್ರ ಏನ ಮಾಡ್ತಿ? ಹೊಸಾದು ಕೊರಿಯಾಕ ಹತ್ತ ತಾಸ ಬೇಕು. ಬಸವಂತರಾಯ ಸರ್ ಕಡೆ ಮುಂದಿನ ದಿನಾ ಸಿಗೂದು ತಿಂಗಳಾದಮ್ಯಾಗ. ನೀ ಸುಮ್ನ ಹುಳಾ ಬಿಡಾಕತ್ತಿ.”

“ನೋಡಲಾರದ ಇರಾಕ ಆಗಂಗಿಲ್ರಿ,” ಎಂದು ಪ್ರಜ್ಞಾ ಹಿಂಬಾಗಿಲಿನಿಂದ ವಖಾರಕ್ಕೆ ಇಳಿದಳು.

ಕಂಪ್ಯೂಟರಿಗೆ ಭಾರ ಹೇಳಬೇಕಾದರೆ ಮೊದಲು ಭಾರ ಗೊತ್ತಿರಬೇಕು. ‘ಹೊತ್ತಷ್ಟು’ ಎಂದರೆ ಅದು ಕೇಳುವುದಿಲ್ಲ. ಮೋದಿನಸಾಬರು ಲಿಂಬೆಹಣ್ಣಿನ ರಾಶಿಯ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಪಕ್ಕದಲ್ಲಿ ಆಳೆತ್ತರದ ಹಳೆಯ ತೂಕದ ಕಾಟಾ, ದುಂಡು ಮುಖದ ಮೇಲೆ ಉದ್ದ ಮುಳ್ಳು ಓಡುವಂಥದ್ದು. ಕರೆಂಟಿನ ತಕ್ಕಡಿ ತರಿಸಿದ ಮೇಲೂ ಅವರು ಅದನ್ನು ಗುಜರಿಗೆ ಹಾಕಿರಲಿಲ್ಲ.

“ಕಾಕಾರ, ನಿಮ್ಮ ಹಳೇ ಕಾಟಾ ಹತ್ತ ಮಿನಿಟ ಬೇಕ್ರಿ. ಮತ್ತ ಒಬ್ಬಾಕಿ ಹೆಣ್ಣಮಗಳನ್ನೂ ಕೊಡ್ರಿ.”

“ಹೆಣ್ಣಮಗಳನ್ನ ತೂಗ್ತಿಯೇನವ್ವಾ?” ಎಂದು ನಕ್ಕರು ಮುದುಕರು.

ತೂಗಿದ್ದು ನಿಜವೇ. ಸಾವಿತ್ರವ್ವ ಎಂಬ ಕೆಲಸದಾಕೆ ನಾಚಿಕೊಳ್ಳುತ್ತ ಕಾಟಾದ ಮೇಲೆ ನಿಂತಳು. ನಲವತ್ತೆಂಟು ಕಿಲೋ. ತುಂಬಿದ ಬುಟ್ಟಿ ಬೇರೆ ತೂಗಿದರೆ ಮೂವತ್ತೆರಡು. ಆಮೇಲೆ ಇಬ್ಬರು ಹೆಂಗಸರು ಬುಟ್ಟಿಯನ್ನು ಎತ್ತಿ, ಕಾಟಾದ ಮೇಲೆ ನಿಂತವಳ ತಲೆಗೆ ಹೊರಿಸಿದರು. ಪ್ರಜ್ಞಾ ಮೊಬೈಲಿನಲ್ಲಿ ಮುಳ್ಳಿನ ವಿಡಿಯೋ ಹಿಡಿದಳು. ಹೊರಿಸುವವರು ಬುಟ್ಟಿಯನ್ನು ನಾಜೂಕಾಗಿ ಇಳಿಸುವುದಿಲ್ಲ, ಕೊನೆಯ ನಾಲ್ಕು ಬೆರಳಿನಷ್ಟು ಕೈಬಿಟ್ಟೇ ಬಿಡುತ್ತಾರೆ. ಬುಟ್ಟಿ ಸಿಂಬಿಯ ಮೇಲೆ ಧಪ್ಪೆಂದಿತು. ಮುಳ್ಳು ಜಿಗಿದು ನೂರಾ ಹನ್ನೆರಡಕ್ಕೆ ಹೋಗಿ, ನಡುಗಿ, ಎಂಬತ್ತಕ್ಕೆ ಬಂದು ನಿಂತಿತು. ಮತ್ತೆ ಮಾಡಿಸಿದಳು. ನೂರಾ ಹತ್ತು. ಮತ್ತೊಮ್ಮೆ. ನೂರಾ ಹದಿನೈದು.

ಅಂದರೆ ಆ ಗಳಿಗೆಯಲ್ಲಿ ತಲೆಯ ಮೇಲೆ ಬೀಳುವುದು ಮೂವತ್ತೆರಡಲ್ಲ, ಅರವತ್ತರ ಮೇಲೆ. ಅವಳು ಹಾಕಿ ನೋಡಿದ್ದು ಹತ್ತು.

“ಇಳಸರೆವ್ವಾ, ಕುತ್ತಿಗಿ ಹೋತು,” ಎಂದಳು ಸಾವಿತ್ರವ್ವ ಮೇಲಿನಿಂದ.

ಹನ್ನೆರಡೂ ಕಾಲಿಗೆ ಪ್ರಜ್ಞಾ ಕಂಪ್ಯೂಟರಿನ ಮುಂದೆ ಕೂತಳು. ಭಾರವನ್ನು ನಡುವಿನಿಂದ ತೆಗೆದು ಸಿಂಬಿಯ ಆಕಾರದ ಬಳೆಯ ಮೇಲೆ ಹರಡಿದಳು, ದುರ್ಗವ್ವ ಬೆರಳಿನಿಂದ ಸರಿಸಿಟ್ಟ ಜಾಗಕ್ಕೇ ಸರಿಯಾಗಿ. ಅರವತ್ತೆಂಟು ಕಿಲೋ ಹಾಕಿ ಗುಂಡಿ ಒತ್ತಿದಳು. ಲೆಕ್ಕ ಮುಗಿಯಲು ನಲವತ್ತು ನಿಮಿಷ. ಬೇಗ ಮಾಡು ಎಂದರೆ ಕೇಳುವ ಪೈಕಿಯಲ್ಲ ಆ ಯಂತ್ರ. ಅವಳು ನಿಂತಳು, ಕೂತಳು, ಡಾಕ್ಟರರಿಗೆ ಫೋನು ಹಚ್ಚಿದಳು. ಆಪರೇಶನ್ ಕೋಣೆಯಲ್ಲಿದ್ದಾರೆ, ಮೂರಕ್ಕೆ ಬರುತ್ತಾರೆ ಎಂದರು ಅಲ್ಲಿಯವರು.

ಒಂದಕ್ಕೆ ಐದು ನಿಮಿಷ ಇರುವಾಗ ಚಿತ್ರ ಬಂತು. ಮೂರನೆಯ ಸ್ಕ್ರೂ ತೂತಿನ ಸುತ್ತ ಕುಂಕುಮ ಚೆಲ್ಲಿದಷ್ಟು ಕೆಂಪು. ಒಂದೇ ಬುಟ್ಟಿಗೆ ಒಡೆಯುತ್ತಿರಲಿಲ್ಲ, ಬಹುಶಃ ನೂರು ಬುಟ್ಟಿಗೂ ಇಲ್ಲ. ಆದರೆ ದಿನಕ್ಕೆ ನಲವತ್ತು ಸಲ ಅಲ್ಲೇ ಬಡಿದರೆ, ಕೂದಲೆಳೆಯಷ್ಟು ಬಿರುಕು ಒಂದು ಸುಗ್ಗಿಯಲ್ಲಿ ಹುಟ್ಟಿ ಎರಡನೆಯ ಸುಗ್ಗಿಯಲ್ಲಿ ಅಂಚಿಗೆ ಮುಟ್ಟುತ್ತಿತ್ತು. ಹಾಗೆ ಒಡೆದ ಚೂರು ಒಳಕ್ಕೆ ಕುಸಿದರೆ ಕೆಳಗಿರುವುದು ಮಿದುಳು.

ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಅರುಣಕುಮಾರ ಕುರ್ಚಿ ಎಳೆದುಕೊಂಡು ಕೂತ. ಅವನು ಕೆಟ್ಟವನಲ್ಲ, ಕೆಂಪು ಕಣ್ಣಿಗೆ ಬೀಳುವವರೆಗೆ ಮಾತ್ರ ವಾದ ಮಾಡುವವನು.

“ಆಕಿಗೆ ಹೇಳ್ಬೇಕು,” ಎಂದ ಕೊನೆಗೆ. “ತಿಂಗಳ ತಡೀರಿ, ದಪ್ಪಂದು ಮಾಡಿ ಕೊಡ್ತೇವಿ ಅಂತ.”

ಬೇವಿನ ನೆರಳಲ್ಲಿ ದುರ್ಗವ್ವ ರೊಟ್ಟಿ ಬಿಚ್ಚಿಕೊಂಡು ಕೂತಿದ್ದಳು. ಪ್ರಜ್ಞಾ ಎದುರಿಗೆ ಕೂತು ಇದ್ದದ್ದು ಇದ್ದ ಹಾಗೆ ಹೇಳಿದಳು. ತನ್ನ ಲೆಕ್ಕ ತಪ್ಪಿದೆ, ಸಿಂಬಿ ಕೂಡುವ ಜಾಗ ಗಟ್ಟಿ ಇಲ್ಲ, ಒಂದು ತಿಂಗಳು ಬೇಕು. ದುರ್ಗವ್ವ ಕೇಳಿದಳು. ಈ ಸಲ ಆತ್ರಿ ಅನ್ನಲಿಲ್ಲ.

“ಒಂದ ತಿಂಗಳಾ?” ಎಂದಳು, ತುತ್ತು ಬಟ್ಟಲಿಗೆ ಹಾಕಿ. “ಅಕ್ಕಾರ, ಹೋದ ವಾರ ಆಡಿನ ಮರಿ ಜಿಗದು ಇಲ್ಲಿ ತಾಗಿತು. ಅರ್ಧಾ ದಿನ ಕಣ್ಣ ಕತ್ತಲಿ ಬಂದು ಬಿದ್ದಿದ್ದೆ. ಬಗ್ಗಿದ್ರ ಒಳಗ ಏನೋ ಜಗ್ತೈತಿ. ಈ ಮಗ್ಗಲ ಮಲಗಿ ಎಂಟ ತಿಂಗಳಾತು. ನಮ್ಮ ಮನ್ಯಾಗ ನನ್ನ ಜೋಡಿ ಯಾರೂ ಜಗಳಾನೂ ಆಡಂಗಿಲ್ರಿ, ಸಿಟ್ಟಿಗೆದ್ದು ಎಲ್ಲಿ ಬೀಳ್ತೀನೋ ಅಂತ. ಇಂವ ನೋಡ್ರಿ, ಇಪ್ಪತ್ತ ವರ್ಷ ಬೈದಾಂವ, ಈಗ ಹಗೂರಕ ಮಾತಾಡ್ತಾನ.” ಗುರಲಿಂಗಪ್ಪ ನೆಲ ನೋಡಿದ. “ಇನ್ನೊಂದ ತಿಂಗಳ ನಾ ಇರಂಗಿಲ್ಲ. ನೀವ ಮಾಡೀರಿ, ನೀವ ರಿಪೇರಿ ಮಾಡ್ರಿ. ನಾಳೆ ಅಂದ್ರ ನಾಳೆ.”

ಕಾದರೆ ಒಂದು ಅಪಾಯ, ಕಾಯದಿದ್ದರೆ ಇನ್ನೊಂದು. ಎರಡೂ ಅಪಾಯ ಕೂತಿದ್ದು ಅದೇ ಒಂದು ತಲೆಯ ಮೇಲೆ. ಪ್ರಜ್ಞಾ ಎದ್ದು ಒಳಗೆ ಬಂದಳು.

ಚಿಪ್ಪನ್ನು ದಪ್ಪ ಮಾಡಲು ಬರುವುದಿಲ್ಲ, ಆದರೆ ಹಿಡಿಯುವ ರೀತಿ ಬದಲಿಸಬಹುದು. ಚಿಪ್ಪನ್ನು ಎಲುಬಿಗೆ ಹಿಡಿಯುವುದು ಬೆರಳಿನುದ್ದದ ಟೈಟೇನಿಯಂ ಪಟ್ಟಿಗಳು ಮತ್ತು ಸ್ಕ್ರೂಗಳು. ಪ್ರಜ್ಞಾ ಮೂರನೆಯ ತೂತಿನ ಪಕ್ಕದಲ್ಲಿ ಇನ್ನೊಂದು ಪಟ್ಟಿ ಹಾಕಿ, ಅದನ್ನೂ ಬಿಗಿದು, ಮತ್ತೆ ಓಡಿಸಿದಳು. ನಲವತ್ತು ನಿಮಿಷ ಅರುಣಕುಮಾರ ಅತ್ತಿಂದಿತ್ತ ಅಡ್ಡಾಡಿದ. ಮಧ್ಯೆ ಒಮ್ಮೆ ಚಹಾ ತಂದಿಟ್ಟ. ಅದು ಕೆನೆಗಟ್ಟಿ ತಣ್ಣಗಾಯಿತು.

ಒಂದು ನಲವತ್ತೈದಕ್ಕೆ ಚಿತ್ರ ಬಂತು. ಕೆಂಪು ಹೋಗಿರಲಿಲ್ಲ. ಮೂರನೆಯ ತೂತಿನಲ್ಲಿ ತುಸು ಕಮ್ಮಿಯಾಗಿ, ಹೊಸ ಸ್ಕ್ರೂವಿನ ಬುಡಕ್ಕೆ ಹಬ್ಬಿತ್ತು.

“ಮತ್ತೂ ಒಂದ ಪಟ್ಟಿ ಹಾಕು. ಇನ್ನೂ ಬಿಗಿ,” ಎಂದ ಅರುಣಕುಮಾರ.

ಪ್ರಜ್ಞಾ ಆ ಕೆಂಪನ್ನೇ ದಿಟ್ಟಿಸಿದಳು. ಅವಳಿಗೆ ವಖಾರದ ಸಾವಿತ್ರವ್ವ ನೆನಪಾದಳು. ಬುಟ್ಟಿ ತಲೆಗೆ ಬಿದ್ದ ಗಳಿಗೆಯಲ್ಲಿ ಅವಳು ಸೆಟೆದು ನಿಲ್ಲಲಿಲ್ಲ, ಮೊಣಕಾಲು ತುಸು ಬಾಗಿಸಿದಳು. ವಿಡಿಯೋ ತೆಗೆದು ನೋಡಿದಳು. ಹೌದು, ಮೂರು ಸಲವೂ ಹಾಗೇ. ಬಗ್ಗಲು ಜಾಗ ಇದ್ದದ್ದಕ್ಕೆ ಕುತ್ತಿಗೆ ಉಳಿದಿತ್ತು. ಇಲ್ಲಿ ತಾನು ಚಿಪ್ಪನ್ನು ಭಾರ ಬೀಳುವ ಜಾಗದಲ್ಲೇ ಬಿಗಿದು ಕಟ್ಟಿ, ಬಗ್ಗಬೇಡ ಎನ್ನುತ್ತಿದ್ದಳು.

“ಬಿಗಿಯೂದಲ್ರಿ ಸರ್. ಮೂರನೇ ಸ್ಕ್ರೂ ತಗದ ಬಿಡ್ತೇನಿ.”

“ಏನ ಹುಚ್ಚ ಹಿಡದೈತೇನ ನಿನಗ? ಒಡಿಯೂ ಜಾಗದಾಗ ಇದ್ದ ಸ್ಕ್ರೂನೂ ತಗೀತಿ?”

“ಆ ತೂತ ಖಾಲಿ ಇರಲಿ. ಎರಡೂ ಬಾಜೂಕ, ಎಲುಬು ದಪ್ಪ ಇದ್ದಲ್ಲಿ, ಒಂದೊಂದು ಉದ್ದನ ಪಟ್ಟಿ ಹಾಕೂಣ್ರಿ.”

ಒಂದು ಐವತ್ತೈದು. ಮೂರನೆಯ ಸಲ ಹಚ್ಚಿದಳು. ಇದು ಮುಗಿದರೆ ಎರಡು ಮೂವತ್ತೈದು. ಕೆಂಪು ಬಂದರೆ ನಾಲ್ಕನೆಯದಕ್ಕೆ ಹೊತ್ತಿಲ್ಲ. ಪರದೆಯ ಮೇಲೆ ಶೇಕಡಾ ಹತ್ತು, ಇಪ್ಪತ್ತು ಎಂದು ಗೆರೆ ತೆವಳುತ್ತಿತ್ತು. ಶೇಕಡಾ ಅರವತ್ತಕ್ಕೆ ಕರೆಂಟು ಹೋಯಿತು. ಇಂಡಿಯ ಕರೆಂಟು, ಹೇಳಿ ಕೇಳಿ ಹೋಗುವುದಲ್ಲ. ಬ್ಯಾಟರಿ ಕೀಂ ಕೀಂ ಎನ್ನತೊಡಗಿತು. ಅದರ ಆಯುಷ್ಯ ಇಪ್ಪತ್ತು ನಿಮಿಷ. ಅರುಣಕುಮಾರ ಫ್ಯಾನು, ದೀಪ, ಪಕ್ಕದ ಕೋಣೆಯ ಮಷೀನು ಎಲ್ಲದರ ಪ್ಲಗ್ಗು ಕಿತ್ತು ಬಂದು ಪಕ್ಕದಲ್ಲಿ ನಿಂತ. ಇಬ್ಬರೂ ಬೆವರುತ್ತ, ಉಸಿರು ಬಿಟ್ಟರೆ ಎಲ್ಲಿ ಬ್ಯಾಟರಿ ಇಳಿಯುತ್ತದೋ ಎಂಬವರಂತೆ ನಿಂತಿದ್ದರು. ಎರಡು ಮೂವತ್ನಾಲ್ಕಕ್ಕೆ ಚಿತ್ರ ಮೂಡಿತು.

ಹಸಿರು. ಖಾಲಿ ತೂತಿನ ಸುತ್ತ ಒಂದು ತೆಳುವಾದ ಹಳದಿ ಬಳೆ. ಕೆಂಪು ಎಲ್ಲೂ ಇಲ್ಲ. ಒತ್ತಡ ಮಿತಿಯ ಅರ್ಧಕ್ಕಿಂತ ಕಡಿಮೆ.

ಬ್ಯಾಟರಿ ಸಾಯುವ ಮೊದಲು ಪ್ರಜ್ಞಾ ಅದನ್ನು ಮೊಬೈಲಿಗೆ ಇಳಿಸಿಕೊಂಡಳು. ಅರುಣಕುಮಾರ ಆಗಲೇ ಕೈಯಲ್ಲಿ ಹಿಡಿಯುವ ಬ್ಯಾಟರಿ ಡ್ರಿಲ್ಲು ತೆಗೆದು, ಪಟ್ಟಿಗಳಿಗೆ ಬೇಕಾದ ನಾಲ್ಕು ಸಣ್ಣ ತೂತು ಗುರುತು ಮಾಡಲು ಕಿಟಕಿಯ ಬೆಳಕಿಗೆ ಹೋಗಿದ್ದ. ನಾಲ್ಕನ್ನೂ ಗುರುತಿನಿಂದ ಕೂದಲೆಳೆಯಷ್ಟೂ ಸರಿಯದಂತೆ ಕೊರೆದ. ಆ ಒಂದು ವಿಷಯದಲ್ಲಿ ಅವನಿಗೆ ಕೈ ಮುಗಿಯಬೇಕು.

ಮೂರೂ ಹತ್ತಕ್ಕೆ ಬಸವಂತರಾಯರ ಫೋನು ಬಂತು. ಪ್ರಜ್ಞಾ ಸ್ಪೀಕರಿಗೆ ಹಾಕಿದಳು. ಪಟ್ಟಿ ಬದಲಾದದ್ದು, ಮೂರನೆಯ ಸ್ಕ್ರೂ ತೆಗೆದದ್ದು ಹೇಳಿದಳು. ಅರುಣಕುಮಾರ ಎದುರಿನಿಂದ ಕೈಸನ್ನೆ ಮಾಡುತ್ತಿದ್ದ. ಸುಧಾರಣೆ ಅನ್ನು, ಸುಧಾರಣೆ ಮಾಡೇವಿ ಅನ್ನು ಎಂದು ತುಟಿ ಅಲ್ಲಾಡಿಸಿದ.

“ಯಾಕ ಬದಲಾತು?” ಎಂದರು ಡಾಕ್ಟರು. “ಶುಕ್ರವಾರ ಸುರಕ್ಷಿತ ಅಂತ ಸಹಿ ಮಾಡಿ ಕಳಿಸೀಯಲ್ಲ. ಆ ವರದಿ ತಪ್ಪಿತ್ತೇನು?”

ಪ್ರಜ್ಞಾ ಅರುಣಕುಮಾರನ ಕಡೆ ನೋಡಲಿಲ್ಲ. “ಹೌದ್ರಿ ಸರ್. ತಪ್ಪಿತ್ತು. ಆಕಿ ತಲಿ ಮ್ಯಾಗ ಭಾರ ಹೊರ್ತಾಳ ಅಂತ ನಾ ವಿಚಾರನ ಮಾಡಿರಲಿಲ್ಲ.”

ಆ ಕಡೆ ಆಸ್ಪತ್ರೆಯ ಯಾವುದೋ ಗಂಟೆ ಕೇಳಿಸಿತು. ಪ್ರಜ್ಞಾಳಿಗೆ ಕೆಲಸ ಹೋಯಿತು ಎಂದೇ ಅನಿಸಿತು, ಹೋದರೆ ಹೋಗಲಿ ಎಂದೂ ಅನಿಸಿತು.

“ನಾನೂ ಮಾಡಿರಲಿಲ್ಲ,” ಎಂದರು ಡಾಕ್ಟರು. “ಹೊರಬ್ಯಾಡ ಅಂದೆ, ಆತ್ರಿ ಅಂದ್ಲು, ಮುಂದಿನ ಪೇಶಂಟ್ ಕರದೆ. ಎರಡೂ ವರದಿ ಕಳಸು. ತಪ್ಪಿದ್ದೂ ಬೇಕು ನನಗ. ಚಿಪ್ಪ ಹೊರಡ್ಸು ಮೊದಲ, ಐದು ದಾಟಬಾರದು.” ಫೋನು ಇಡುವ ಮುನ್ನ ಮತ್ತೆ ಹೇಳಿದರು. “ಒಂದ ವರ್ಷ ಹೊರಬಾರದು ಅಂತ ಬರೀತೇನಿ. ಎಲುಬಿಗೆ ಸ್ಕ್ರೂ ಹಿಡಿಯಾಕ ಅಷ್ಟರ ಬೇಕು.”

“ಆತ್ರಿ ಅಂತಾಳ್ರಿ ಸರ್.”

“ಗೊತ್ತೈತಿ,” ಎಂದರು ಅವರು.

ಮೂರು ಮೂವತ್ತೆರಡಕ್ಕೆ ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ದುರ್ಗವ್ವ ಸ್ಟೀಲಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಸಿಂಬಿ ಇಟ್ಟು, ಎರಡನ್ನೂ ಒತ್ತಿ ಹಿಡಿದಿದ್ದಳು. ನಾಲ್ಕು ಐವತ್ತಕ್ಕೆ ಅರುಣಕುಮಾರನ ಮೆಸೇಜು ಬಂತು. ಮುಟ್ಟಿತು. ಮರುದಿನ ಹನ್ನೆರಡರ ಸುಮಾರಿಗೆ ಇನ್ನೊಂದು ಬಂತು. ಕೂತಿತು. ಆಗ ಪ್ರಜ್ಞಾ ಕಿಟಕಿಯ ಕಡೆ ತಿರುಗಿ ಕೂತು ಅತ್ತಳು. ಯಾರೂ ನೋಡಲಿಲ್ಲ, ನೋಡಿದ್ದರೂ ಅವಳಿಗೆ ನಾಚಿಕೆ ಇರಲಿಲ್ಲ.

ಅಂದಿನಿಂದ ಅವಳು ಪ್ರತಿ ರೋಗಿಯನ್ನೂ ಮೊದಲು ಕೇಳುವುದು ಕೆಲಸ ಏನು ಎಂದು. ಯಂಕಂಚಿಯ ಕುರಿಗಾರನೊಬ್ಬನ ಚಿಪ್ಪಿಗೆ ಚೆಂಡಿನ ಗುದ್ದಿನ ಬದಲು ಟಗರಿನ ಗುದ್ದು ಹಾಕಿ ನೋಡಿದ್ದೂ ಆಯಿತು. ಮೋದಿನಸಾಬರ ಹಳೆಯ ಕಾಟಾ ಈಗ ಅವಳ ಕೋಣೆಯಲ್ಲೇ ಇದೆ. ಆದರೆ ದುರ್ಗವ್ವ ಎರಡು ಸಲ ಡಾಕ್ಟರರಿಗೆ ತೋರಿಸಿಕೊಂಡು ಹೋದವಳು ಆಮೇಲೆ ಬರಲಿಲ್ಲ. ಫೋನು ಮಾಡಿದರೆ ಗುರಲಿಂಗಪ್ಪ ಎತ್ತಿ ಅರಾಮ ಅದಾಳ್ರಿ ಎನ್ನುತ್ತಿದ್ದ. ಹಸಿರು ಚಿತ್ರ ಹಸಿರೇ ಹೌದೋ ಅಲ್ಲವೋ ಎಂದು ಪ್ರಜ್ಞಾ ತಿಂಗಳಿಗೊಮ್ಮೆ ತೆಗೆದು ನೋಡುತ್ತಿದ್ದಳು. ಚಿತ್ರ ಏನು ಹೇಳೀತು.

ಮರುವರ್ಷದ ಬೇಸಿಗೆಯ ಒಂದು ಮಧ್ಯಾಹ್ನ ಊಟಕ್ಕೆಂದು ವಖಾರ ದಾಟುವಾಗ ಹಿಂದಿನಿಂದ ಕೂಗು ಬಂತು.

“ಅಕ್ಕಾರ, ಒಂದ ಕೈ ಹಚ್ಚರಿ.”

ತಿರುಗಿದರೆ ದುರ್ಗವ್ವ, ಈ ಸಲ ಮೋದಿನಸಾಬರ ಆಳುಗಳ ಜೊತೆ. ಸೆರಗು ಸೊಂಟಕ್ಕೆ ಬಿಗಿದು, ತಲೆ ತುಂಬ ಕೂದಲು, ಹಣೆಯ ಅಂಚಿನಲ್ಲಿ ಮಾತ್ರ ಬಿಳಿಯ ಗೆರೆ. ಕಾಲ ಬುಡಕ್ಕೆ ಲಿಂಬೆಹಣ್ಣು ತುಂಬಿದ ಬುಟ್ಟಿ, ಕೈಯಲ್ಲಿ ಸಿಂಬಿ. ಹೊರೆ ಎತ್ತಲು ಕೈ ಹಚ್ಚು ಎಂದು ಕರೆದರೆ ಇಲ್ಲಿ ಯಾರೂ ಹಾಗೇ ದಾಟಿ ಹೋಗುವುದಿಲ್ಲ, ಹೋಗುವಂತಿಲ್ಲ.

“ವರ್ಷ ಮುಗದೈತ್ರಿ,” ಎಂದಳು ದುರ್ಗವ್ವ, ಪ್ರಜ್ಞಾಳ ಮುಖ ಕಂಡು.

“ಖರೇ ಹೇಳ್ರಿ. ಎಷ್ಟ ದಿನ ತಡದ್ರಿ?”

“ನಾಕ ತಿಂಗಳು,” ಎಂದು ದುರ್ಗವ್ವ ನಕ್ಕಳು. “ಹಿಡೀರಿ.”

ಪ್ರಜ್ಞಾ ಬಾಗಿ ಬುಟ್ಟಿಯ ಕಂಠ ಹಿಡಿದಳು. ಮೂವತ್ತು ಕಿಲೋಗಿಂತ ಒಂದು ತೂಕ ಹೆಚ್ಚೇ ಇತ್ತು. ಅವಳು ಲೆಕ್ಕದಲ್ಲಿ ಸಾವಿರ ಸಲ ಹೊರಿಸಿದ ಭಾರ ಕೈಗೆ ಬಂದದ್ದು ಇದೇ ಮೊದಲು. ಮೊಣಕಾಲಿಗೆ, ಎದೆಗೆ, ತಲೆಯ ಎತ್ತರಕ್ಕೆ. ದುರ್ಗವ್ವ ಒಂದು ಕೈಯಲ್ಲಿ ಸಿಂಬಿಯನ್ನು ನೆತ್ತಿಗಿಟ್ಟು ಎರಡು ಬೆರಳಿನಿಂದ ಎಡಕ್ಕೆ ಸರಿಸಿದಳು. ಅದೇ ಜಾಗ. ಪ್ರಜ್ಞಾ ಬುಟ್ಟಿಯನ್ನು ಧಪ್ಪೆನ್ನದಂತೆ ಒಂದೊಂದೇ ಬೆರಳು ಇಳಿಸಿದಳು. ಇಳಿಸಿದ ಮೇಲೂ ಅವಳ ಕೈ ಬುಟ್ಟಿಯ ಕಂಠ ಬಿಡಲಿಲ್ಲ. ಬುಟ್ಟಿಯ ಅಡಿಯಿಂದ ದುರ್ಗವ್ವನ ಕಣ್ಣು ಅವಳನ್ನೇ ನೋಡುತ್ತಿದ್ದವು.

“ಕೈ ಬಿಡ್ರಿ ಅಕ್ಕಾರ,” ಎಂದಳು ಮೆಲ್ಲಗೆ. “ನೀವ ಹಿಡಕೊಂಡ ನಿಂತ್ರ ನಾ ಹೆಂಗ ನಡೀಲಿ?”

ಪ್ರಜ್ಞಾ ಎಡಗೈ ಬಿಟ್ಟಳು. ಆಮೇಲೆ ಬಲಗೈ.

ದುರ್ಗವ್ವ ಮೊಣಕಾಲು ತುಸು ಬಾಗಿಸಿ, ಕುತ್ತಿಗೆ ಸರಿಮಾಡಿಕೊಂಡು, ನಡೆದಳು. ಪ್ರಜ್ಞಾ ಕಿವಿಗೊಟ್ಟು ನಿಂತಳು. ಬಳೆಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಟೆಂಪೋವರೆಗೆ ಇಪ್ಪತ್ತೆರಡು ಹೆಜ್ಜೆ, ಎಣಿಸಿದಳು. ಬುಟ್ಟಿ ಇಳಿಯಿತು. ದುರ್ಗವ್ವ ಸಿಂಬಿಯನ್ನು ಕೈಯಲ್ಲಿ ಝಾಡಿಸುತ್ತ ತಿರುಗಿ ಬಂದು, ಮುಂದಿನ ಬುಟ್ಟಿಯ ಹತ್ತಿರ ನಿಂತಳು.

“ಬರ್ರಿ,” ಎಂದಳು. “ಇನ್ನ ಹದಿನಾರ ಅದಾವು.”